ಗೋಡೆ ಏರದ ಗುರುಶಾಂತಮ್ಮ

ಇಟಾರ್ಸಿ
2-11-1978

ಪ್ರೀತಿಯ ಚಂದ್ರಾಮ ಮಾಮಾನಿಗೆ ಸುಮಿತ್ರಾಳ ಶರಣು.

ನಿನ್ನ ಕಾಗದ ತಲುಪಿತು. ಅದರಲ್ಲಿ ಮುಕ್ಕಾಲು ಭಾಗ ನಿನ್ನ ಪರಾಕ್ರಮ, ಕಾಲು ಭಾಗ ಅವ್ವನ ಸುದ್ದಿ. ಇರಲಿ, ಓದಿ ನಕ್ಕೆ. ಇವರು ಸ್ಟೇಷನ್ನಿನ ಡ್ಯೂಟಿಗೆ ಹೋದರೆ ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ. ಕಿಟಕಿಯಾಚೆ ಹಿಂದೆ ಮುಂದೆ ಓಡಾಡುವ ಎಂಜಿನ್ ಒಂದೇ ನನಗೆ ಜೋಡಿ.

ಡಾಕ್ಟರಮ್ಮ ಈ ಸಲ ರೈಲು ಹತ್ತಲೇಬಾರದು ಎಂದಿದ್ದಾಳೆ. ಹೋದ ವರ್ಷ ಊರಿಗೆ ಬರುವಾಗ ರೈಲಿನಲ್ಲೇ ಹೊಟ್ಟೆಯ ಕೂಸು ಹೋಯಿತಲ್ಲ, ಆ ದಾರಿಯಲ್ಲಿ ಮತ್ತೆ ಬರುವ ಧೈರ್ಯ ನನಗೂ ಇಲ್ಲ. ಆದ್ದರಿಂದ ಬಾಣಂತನಕ್ಕೆ ಅವ್ವನೇ ಇಲ್ಲಿಗೆ ಬರಬೇಕು, ನೀನೇ ಕರೆದುಕೊಂಡು ಬರಬೇಕು.

ಅಲ್ಲಿಯವರೆಗೆ ಅವ್ವನ ಒಂದು ಫೋಟೋ ಕಳಿಸು. ನಗಬೇಡ. ಮೊನ್ನೆ ರೊಟ್ಟಿ ಬಡಿಯುತ್ತಾ ಅವ್ವನ ಮುಖ ನೆನಪಿಸಿಕೊಳ್ಳಲು ಹೋದೆ. ಕೈ ನೆನಪಾಯಿತು, ಚಿಕ್ಕಂದಿನಲ್ಲಿ ಕೇಳಿದ ಬಳೆಯ ಸದ್ದು ನೆನಪಾಯಿತು, ಮುಖ ಬರಲೊಲ್ಲದು. ಹೆದರಿಬಿಟ್ಟೆ ಮಾಮಾ. ಸುತ್ತಲಿನ ಹಳ್ಳಿಗಳಿಗೆಲ್ಲ ಫೋಟೋ ತೆಗೆಯುವ ನೀನು, ಅವಳ ತಮ್ಮ, ಮನೆಯಲ್ಲೇ ಇದ್ದೂ ಅವ್ವನದು ಒಂದೂ ಇಲ್ಲ. ನನ್ನ ಮದುವೆಯ ಫೋಟೋದಲ್ಲಿ ಕೂಡ ಕಂಬದ ಹಿಂದೆ ನಿಂತಳು. ಅವಳ ಮುಖ ನನಗೆ ಬೇಕು.

ನಿನ್ನ,
ಸುಮಿತ್ರಾ

*

ಸರಸಂಬಾ
14-11-1978

ಚಿ. ಸೌ. ಸುಮಿತ್ರಾಳಿಗೆ ಮಾಮಾ ಮಾಡುವ ಆಶೀರ್ವಾದಗಳು. ಇಲ್ಲಿ ಅಕ್ಕ, ನಾನು ಇಬ್ಬರೂ ಗಟ್ಟಿಯಾಗಿದ್ದೇವೆ. ಅಕ್ಕನ ಬಾಯಿ ಇನ್ನೂ ಗಟ್ಟಿ.

ಮೊದಲು ದೊಡ್ಡ ಸುದ್ದಿ ಕೇಳು. ಗುಲ್ಬರ್ಗಾದ ಪ್ರೆಸ್ಸಿನ ದೇವೀಂದ್ರಪ್ಪನವರು ಯುಗಾದಿಗೆ ಒಂದು ಕ್ಯಾಲೆಂಡರ್ ತರುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ನೋಡತಕ್ಕ ಸ್ಥಳಗಳು, ತಿಂಗಳಿಗೊಂದು ಫೋಟೋ. ಯಾರು ತೆಗೆಯಬೇಕು? ಗುಲ್ಬರ್ಗಾದಲ್ಲಿ ಸ್ಟುಡಿಯೋ ಇಟ್ಟುಕೊಂಡ ಕೋಟಿನವರೆಲ್ಲ ಸಾಲಾಗಿ ನಿಂತಿದ್ದರು. ಅವರು ನಾಲ್ಕನೇ ಇಯತ್ತೆ ಕಲಿತ ಸರಸಂಬಾದ ಚಂದ್ರಾಮಪ್ಪನನ್ನು ಕರೆದರು! ಸೊಲ್ಲಾಪುರದ ಈಚೆಗೆ ನನ್ನಂಥ ಫೋಟೋಗ್ರಾಫರ್ ಇಲ್ಲ. ಇದು ನಾನು ಹೇಳುವುದಲ್ಲ, ಆಳಂದದಲ್ಲಿ ನನ್ನ ಫೋಟೋದ ಗಾಜಿನ ಪ್ಲೇಟು ತೊಳೆಯುವ ಜಹೀರುದ್ದೀನ ಹೇಳುತ್ತಾನೆ. ಹೇಳದಿದ್ದರೆ ನಾನು ಅವನ ಕತ್ತಲೆ ಕೋಣೆಯಿಂದ ಏಳುವುದಿಲ್ಲ.

ಇನ್ನು ನಿನ್ನವ್ವನ ವಿಷಯ. ನಿನ್ನ ಕಾಗದ ಓದಿ ಹೇಳಿದೆ. ಕಣ್ಣೊರೆಸಿಕೊಂಡಳು. ಆಮೇಲೆ ಏನೆಂದಳು ಗೊತ್ತೇ?

"ಲೇ ಚಂದ್ರಾಮ, ಊರಾಗಿನ ಗ್ವಾಡಿ ನೋಡು. ಫೋಟೋದಾಗ ಕುಂತವ್ರೆಲ್ಲಾ ಸತ್ತವ್ರೇ. ನಾ ಇನ್ನಾ ನೆಲದ ಮ್ಯಾಲ ಅಡ್ಡಾಡಾಕತ್ತೇನಿ, ಗ್ವಾಡಿ ಮ್ಯಾಲ ಯಾಕ ಕುಂದರಲಿ?"

ಅದು ನನ್ನದೇ ತಪ್ಪು ಅನ್ನು. ನಮ್ಮ ಕಡೆ ಮನೆಗೆ ಫೋಟೋದವನನ್ನು ಕರೆಸುವುದೇ ಯಾರಾದರೂ ಲಿಂಗೈಕ್ಯರಾದಾಗ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ವಿಭೂತಿ ಹಚ್ಚುತ್ತಾರೆ, ಮಾಲೆ ಹಾಕುತ್ತಾರೆ, ಆಮೇಲೆ "ಚಂದ್ರಾಮಪ್ಪಗ ಹೇಳಿ ಕಳಸ್ರಿ" ಎನ್ನುತ್ತಾರೆ. ಆದರೆ ನಾನು ಬರೀ ಕ್ಲಿಕ್ ಮಾಡಿ ಬರುವವನಲ್ಲ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಕಣ್ಣಿನ ಬಿಳುಪು ತರುತ್ತೇನೆ, ಪ್ರಿಂಟಿನ ಮೇಲೆ ಕುಂಚದಿಂದ ಕರೀ ಗುಡ್ಡೆ ಇಡುತ್ತೇನೆ. ಮುಚ್ಚಿದ ಕಣ್ಣು ತೆರೆಯುತ್ತದೆ! ಜೇವರ್ಗಿಯ ಶಾಂತಲಿಂಗಪ್ಪ ಗೌಡರ ಮಗ ಫೋಟೋ ಹಿಡಿದುಕೊಂಡು, "ಚಂದ್ರಾಮಪ್ನೋರ, ನಮ್ಮಪ್ಪ ಈಗ ತಂಬಾಕ ಕೇಳ್ತಾನ್ರಿ" ಎಂದು ಅತ್ತ. ಅಂಥ ಕೈ ನನ್ನದು. ಸತ್ತವರು ನನ್ನ ಮಾತು ಕೇಳುತ್ತಾರೆ, ನಿನ್ನವ್ವ ಕೇಳುವುದಿಲ್ಲ.

ಆದರೂ ಸೋಲುವವನಲ್ಲ. ಕ್ಯಾಲೆಂಡರಿನ ನೆಪದಲ್ಲಿ ಊರೂರು ಕರೆದುಕೊಂಡು ಹೋಗುತ್ತೇನೆ, ಎಲ್ಲಾದರೂ ಸಿಕ್ಕೇ ಸಿಗುತ್ತಾಳೆ. ಮೊನ್ನೆ ಆಳಂದದ ಹಳೆಯ ಜಾಗೀರದಾರರ ಬಾಗಿಗೆ, ಅದೇ ಆ ತೋಟಕ್ಕೆ, ಹೋಗಿದ್ದೆವು. ಕಾರಂಜಿ ಒಣಗಿದೆ, ಆದರೆ ದಾಳಿಂಬೆ ಗಿಡಗಳು, ಕಲ್ಲಿನ ಕಟ್ಟೆ, ಕಮಾನು ಹಾಗೇ ಇವೆ. ಕರೀ ಬಟ್ಟೆಯೊಳಗೆ ತಲೆ ಹಾಕಿ, ಎಲ್ಲ ತಲೆಕೆಳಗೆ ಕಾಣುವ ಕ್ಯಾಮೆರಾದ ಗಾಜಿನಲ್ಲಿ ನೋಡಿದರೆ, ತಲೆಕೆಳಗಾದ ಕಟ್ಟೆಯ ಮೇಲೆ ಅಕ್ಕ ಕೂತಿದ್ದಾಳೆ. ಪ್ಲೇಟು ಹಾಕುವಷ್ಟರಲ್ಲಿ ಎದ್ದು ಹೋದಳು. ಫೋಟೋ ಇಟ್ಟಿದ್ದೇನೆ. ಎಡಗಡೆಯ ಮೂಲೆ ನೋಡು.

ನಿನ್ನ ಮಾಮಾ,
ಚಂದ್ರಾಮಪ್ಪ

*

ಇಟಾರ್ಸಿ
1-12-1978

ಮಾಮಾ,

ನೋಡಿದೆ! ಕಾರಂಜಿಯ ಪಕ್ಕದಲ್ಲಿ ಉದ್ದ ನೆರಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಚೀಲ. ಇವರಿಗೆ ತೋರಿಸಿ "ಇದು ನಮ್ಮ ಅವ್ವ" ಎಂದೆ. "ಅತ್ತೆಯವರು ಬಹಳ ಎತ್ತರ ಆಗಿದ್ದಾರೆ" ಎಂದು ನಕ್ಕರು.

ಮೊದಲು ನಾನು ಚೀಲ ಗುರುತಿಸಿದೆ. ಅದರಲ್ಲಿ ರೊಟ್ಟಿ, ಶೇಂಗಾ ಹಿಂಡಿ ಇದ್ದವಲ್ಲವೇ? ಅವ್ವ ಬುತ್ತಿ ಕಟ್ಟದೆ ಹೊಸ್ತಿಲು ದಾಟುವುದಿಲ್ಲ. ನೋಡುತ್ತಾ ನನಗೆ ಹಸಿವಾಯಿತು.

ನೆರಳು ಬಂದರೆ ಸಾಲದು, ಹಿಂದೆಯೇ ಮುಖವೂ ಬರಬೇಕು. ಮಾರ್ಚಿನಲ್ಲಿ ಹೆರಿಗೆ ಎಂದಿದ್ದಾರೆ. ಅವ್ವ ಫೆಬ್ರವರಿಯಲ್ಲೇ ಇಲ್ಲಿಗೆ ಬರಲಿ. ರಾತ್ರಿ ಕೂಸು ಒದೆಯುತ್ತದೆ. ಹೋದ ಸಲದ್ದು ಇಷ್ಟು ದಿನ ಇರಲಿಲ್ಲ. ಅವ್ವನಿಗೆ ಹೇಳು.

ಸುಮಿತ್ರಾ

*

ಸರಸಂಬಾ
20-12-1978

ಚಿ. ಸೌ. ಸುಮಿತ್ರಾಳಿಗೆ ಆಶೀರ್ವಾದ. ನಾವಿಬ್ಬರೂ ಕ್ಷೇಮ. ಅಕ್ಕನಿಗೆ ಸ್ವಲ್ಪ ಕೆಮ್ಮು, ಅದಕ್ಕೆ ಚೌಡಾಪುರದ ಭಜಿಯೇ ಕಾರಣ, ಬೇರೇನಿಲ್ಲ.

ಗಾಣಗಾಪುರದ ಸಂಗಮಕ್ಕೆ ಹೋಗಿದ್ದೆವು. ಬಸ್ಸಿನ ಮೇಲೆ ನನ್ನ ಮೂರು ಕಾಲಿನ ಸ್ಟ್ಯಾಂಡು ನೋಡಿ ಕಂಡಕ್ಟರು "ಇದೇನ್ರಿ, ಸರ್ವೇದವರೇನು?" ಎಂದ. "ಹೌದು, ನಿನ್ನ ಬಸ್ಸಿನ ನಟ್ಟುಬೋಲ್ಟು ಎಣಿಸಾಕ ಬಂದೇನಿ" ಎಂದೆ. ಕೂಡಲು ಜಾಗ ಸಿಕ್ಕಿತು.

ಸಂಗಮದಲ್ಲಿ ಅಕ್ಕ ಮೊಣಕಾಲುದ್ದ ನೀರಿಗಿಳಿದು, ಕಾಯಿ ಹಿಡಿದು ಕಣ್ಣು ಮುಚ್ಚಿ ನಿಂತಳು. ನಿನ್ನ ಹೆಸರು ಹೇಳಿಕೊಂಡಿದ್ದು ದಡದವರೆಗೂ ಕೇಳಿಸಿತು. ಇನ್ನೇನು ಸಿಕ್ಕಳು ಎಂದುಕೊಂಡೆ, ಅಷ್ಟರಲ್ಲಿ ತಿರುಗಿಬಿಟ್ಟಳು. ಅಂಚಿನಲ್ಲಿ ಗಾಳಿಗೆ ಹಾರುವ ಸೆರಗು ಮಾತ್ರ ಇದೆ ನೋಡು.

ಬರುತ್ತಾ ಚೌಡಾಪುರದ ಪ್ಯಾರಿಬಿಯ ಚಹಾದಂಗಡಿಯಲ್ಲಿ ಕೂತೆವು. ಆಕೆಗೆ ನನ್ನನ್ನು ಕೆಣಕದಿದ್ದರೆ ಚಹಾ ಕುದಿಯುವುದಿಲ್ಲ.

"ಏನ್ ಚಂದ್ರಾಮ್ ಭಾಯಿ, ಎತ್ತಿಂದ್ ಫೋಟೋ ತೆಗೀತೀರಿ, ಎಮ್ಮೀದ್ ತೆಗೀತೀರಿ, ಅಕ್ಕಂದ್ ತೆಗ್ಯಾಕ ಬರಂಗಿಲ್ಲೇನ್ರಿ?"

ನಾನು ಉತ್ತರ ಕೊಡುವ ಮೊದಲೇ ಅಕ್ಕ, "ಎಮ್ಮಿ ಹೇಳಿದ್ಹಂಗ ಕೇಳ್ತದ ಬೇ ಪ್ಯಾರಿಬಿ, ನಾ ಕೇಳಂಗಿಲ್ಲ" ಎಂದಳು. ಇಬ್ಬರೂ ಸೇರಿ ನಕ್ಕ ನಗೆಗೆ ಕೆಮ್ಮು ಬಂತು.

ಅಫಜಲಪುರದ ದನಗಳ ಪ್ರದರ್ಶನದಲ್ಲಿ ಇನ್ನೂ ಮಜಾ. ಸರ್ದಾರ ಎಂಬ ರೈತನ ಹೋರಿಗೆ ಮೊದಲನೇ ಬಹುಮಾನ ಬಂತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮದುಮಗನ ಹಾಗೆ ನಿಂತಿತ್ತು. ಕ್ಯಾಮೆರಾ ತಿರುಗಿಸಿದ ಕೂಡಲೇ ಅಕ್ಕ ಹೋರಿಯ ಹಿಂದೆ ಅಡಗಿದಳು. ಫೋಟೋ ನೋಡು. ಹೋರಿಗೆ ಆರು ಕಾಲು! ಹೊಟ್ಟೆಯ ಕೆಳಗಿನ ಎರಡು ನಿನ್ನವ್ವನವು. ನಿನ್ನಪ್ಪ ಹೋದ ಮೇಲೆ ಕಾಲುಂಗುರವಿಲ್ಲದಿದ್ದರೂ ನೀನು ಗುರುತಿಸುತ್ತೀ, ಬಲಗಾಲಿನ ಹೆಬ್ಬೆರಳು ಹೊರಗೆ ಬಾಗಿದೆಯಲ್ಲ.

ಆದರೆ ಬಸ್ಸಿನಲ್ಲಿ ತಾನಾಗಿಯೇ ಮಾತು ಕೊಟ್ಟಳು. ಅಕ್ಷರ ಬಿಡದೆ ಬರೆಯುತ್ತೇನೆ:

"ಸುಮ್ಮಿ ಹಡೀಲಿ. ಕೂಸ ನನ್ನ ತೊಡಿ ಮ್ಯಾಲ ಬಂದ ದಿನ ಕುಂದರತೇನಿ. ನಿನ್ನ ಡಬ್ಬಿ ಕಡಿ ನೆಟ್ಟಗ ನೋಡತೇನಿ. ಆವತ್ತ ಕೈ ನಡಗೂದು ನಿಂದೇ ನೋಡು."

ಹೀಗಾಗಿ ನಿನ್ನ ಫೋಟೋ ನಿನ್ನ ಕೈಯಲ್ಲೇ ಇದೆ ಮಗಳೆ. ತಿನ್ನು, ಮಲಗು. ಅಕ್ಕ ತನ್ನ ಹಳೆಯ ಸೀರೆಗಳನ್ನೆಲ್ಲ ಹರಿದು ಕೂಸಿಗೆ ಕೌದಿ ಹೊಲಿಯುತ್ತಿದ್ದಾಳೆ. ಮನೆ ತುಂಬ ತುಂಡು ಬಟ್ಟೆ, ನನಗೆ ಕಾಲಿಡಲು ಜಾಗವಿಲ್ಲ.

ನಿನ್ನ ಮಾಮಾ,
ಚಂದ್ರಾಮಪ್ಪ

*

ಇಟಾರ್ಸಿ
25-1-1979

ಮಾಮಾ,

ಒಂದು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಸಂಕ್ರಮಣಕ್ಕೆ ಕುಸುರೆಳ್ಳೂ ಬರಲಿಲ್ಲ. ಅವ್ವ ಹೋದ ವರ್ಷ ಪೊಟ್ಟಣಕ್ಕೆ ಸುತ್ತಿದ್ದ ದಾರ ಕೂಡ ನನ್ನ ಹತ್ತಿರ ಇದೆ, ಈ ವರ್ಷ ಮರೆತಳೇ?

ಹಬ್ಬದ ಮರುದಿನ ಇವರಿಗೆ ಆಫೀಸಿಗೆ ತಂತಿ ಬಂದಿತ್ತಂತೆ, ನೆರೆಮನೆಯವಳು ಹೇಳಿದಳು. ಕೇಳಿದರೆ ಡ್ಯೂಟಿಯ ಸಂಬಂಧ ಎಂದರು. ಅಂದಿನಿಂದ ನನ್ನ ಮೇಲೆ ಬಹಳ ಪ್ರೀತಿ ಉಕ್ಕಿದೆ. ಕಿತ್ತಳೆ ತರುತ್ತಾರೆ, ಪಕ್ಕದಲ್ಲಿ ಕೂತು ಸುಲಿದು ಕೊಡುತ್ತಾರೆ, ಕಣ್ಣು ಸಿಪ್ಪೆಯ ಮೇಲೇ. ಎಲ್ಲಿಗಾದರೂ ವರ್ಗವಾಗಿರಬೇಕು.

ಅವ್ವನ ಕೆಮ್ಮು ಹೇಗಿದೆ? ನೀವು ಯಾವ ತಾರೀಖಿಗೆ ಹೊರಡುತ್ತೀರಿ? ಫೋಟೋ ಬೇಡ, ಅವಳೇ ಬರಲಿ.

ಸುಮಿತ್ರಾ

*

ಸರಸಂಬಾ
6-2-1979

ಚಿ. ಸೌ. ಸುಮಿತ್ರಾಳಿಗೆ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ.

ಕ್ಯಾಲೆಂಡರಿನ ಕೆಲಸದಲ್ಲಿ ಕಾಗದ ತಡವಾಯಿತು. ದೊಡ್ಡ ಮನುಷ್ಯನಾದರೆ ಇದೇ ತೊಂದರೆ. ಜೇವರ್ಗಿ ಕಡೆಯ ಭೀಮಾ ನದಿಯ ಸೇತುವೆ ತೆಗೆದೆ. ಬೆಳಗಿನ ಬಿಸಿಲು, ಕೆಳಗೆ ನೀರು, ಮೇಲೆ ಒಂದು ಗಾಡಿ ಸಹ ಇಲ್ಲ. ಬಹಳ ಸ್ವಚ್ಛ ಬಂದಿದೆ. ಯಾರೂ ಅಡ್ಡ ಬರಲಿಲ್ಲ.

ಅಕ್ಕನಿಗೆ ಮೊಣಕಾಲು ನೋವು, ಅಷ್ಟು ದೂರ ರೈಲಿನಲ್ಲಿ ಕೂಡಲಿಕ್ಕೆ ಆಗುವುದಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಕೌದಿ, ಕೂಸಿನ ತಲೆಗೆ ಹಾಕುವ ಕುಂಚಿಗೆ ಎರಡನ್ನೂ ಪಾರ್ಸೆಲ್ ಮಾಡಿದ್ದೇನೆ. ಕೌದಿಯ ಒಂದು ಅಂಚು ಹೊಲಿಯದೆ ಉಳಿದಿದೆ, ಅದನ್ನು ನೀನೇ ಹೊಲಿದುಕೊ.

ಈಗ ಕೂತುಕೊಂಡು ಲಕೋಟೆಯಲ್ಲಿರುವುದನ್ನು ನೋಡು. ಗೆದ್ದೆ! ನಿನ್ನವ್ವ ಕೂತಳು. ನೆಟ್ಟಗೆ ಕ್ಯಾಮೆರಾ ಕಡೆಗೇ ನೋಡಿದ್ದಾಳೆ. ಹೇಗೆ ಕೂಡಿಸಿದೆ ಎಂದು ಕೇಳಬೇಡ, ಅದು ನನ್ನ ವಿದ್ಯೆ. ಮುಖವಷ್ಟೇ ದೊಡ್ಡದು ಮಾಡಿ ಕಳಿಸಿದ್ದೇನೆ, ನಿನಗೆ ಬೇಕಾದದ್ದು ಮುಖವೇ ಅಲ್ಲವೇ.

ಮಾಮಾ

*

ಇಟಾರ್ಸಿ
18-2-1979

ಮಾಮಾ,

ಕೌದಿ ಬಂತು. ಫೋಟೋ ಬಂತು. ನೀನು ಗೆದ್ದೆ.

ಅವ್ವ ನನ್ನನ್ನೇ ನೋಡುತ್ತಿದ್ದಾಳೆ. ಅಡುಗೆಮನೆಯಲ್ಲಿ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ, ಗೋಡೆಗೆ ಹಾಕಿಲ್ಲ. ಇವರು ಫೋಟೋ ನೋಡಿ ಹೊರಗೆ ಹೋಗಿ ಬಹಳ ಹೊತ್ತು ಬೀಡಿ ಸೇದಿದರು.

ಮಾಮಾ, ನೀನು ಬಟ್ಟೆಯೊಳಗಿಂದ ತಲೆ ತೆಗೆದಾಗ ಅವ್ವ ಏನೆಂದಳು? ಬೈದಳೇ? ಕೂಸಿಗೆ ಏನು ಹೆಸರಿಡಲಿ ಎಂದು ಕೇಳು. ಹೊಟ್ಟೆ ಕೆಳಗಿಳಿದಿದೆ, ಹೆಣ್ಣೋ ಗಂಡೋ ಎಂದೂ ಕೇಳು. ನನಗೆ ಹೆದರಿಕೆಯಾದಾಗ ಏನು ಮಾಡಬೇಕು ಎಂದು ಕೇಳು. ಅವಳು ಹೇಳಿದ್ದನ್ನೆಲ್ಲ ಅವಳ ಮಾತಿನಲ್ಲೇ ಬರೆ. ಉದ್ದ ಬರೆ.

ಸುಮಿತ್ರಾ

*

ಸರಸಂಬಾ
3-3-1979

ಚಿ. ಸೌ. ಸುಮಿತ್ರಾಳಿಗೆ ಆಶೀರ್ವಾದ.

ಕೇಳಿದೆ. ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಾಳೆ, ಅಲ್ಲಿಂದಲೇ ಉತ್ತರ ಕೊಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.

ಬಟ್ಟೆಯೊಳಗಿಂದ ತಲೆ ತೆಗೆದಾಗ, "ಮುಗೀತೇನಲೇ? ಇಷ್ಟಕ್ಕ ಇಷ್ಟ ವರ್ಷ ಬೆನ್ನ ಹತ್ತೀದ್ಯಾ?" ಎಂದಳು.

ಹೊಟ್ಟೆ ಕೆಳಗಿಳಿದಿದ್ದರೆ ಹೆಣ್ಣಂತೆ. "ಹೆಣ್ಣಾದ್ರ ಭೇಷ್ ಆತು, ತಾಯಿ ಮಾತ ಕೇಳಂಗಿಲ್ಲ, ನಮ್ಮ ಮನಿ ಚಾಳಿ ಉಳೀತದ" ಎನ್ನುತ್ತಾಳೆ. ಹೆಸರು ನೀವು ಗಂಡ ಹೆಂಡತಿ ನೋಡಿಕೊಳ್ಳಬೇಕಂತೆ, ತನ್ನ ಹೆಸರು ಮಾತ್ರ ಇಡಬಾರದಂತೆ. "ಗುರುಶಾಂತಿ ಅಂತ ಬೈಯೂವಾಗ ನನಗ ಬೈದ್ಹಂಗ ಆಗ್ತದ" ಎಂದು ನಗುತ್ತಾಳೆ.

ಹೆದರಿಕೆಯಾದರೆ ಏನು ಮಾಡಬೇಕು ಎಂದು ಕೇಳಿದೆ. ಮೊರ ಕೆಳಗಿಟ್ಟಳು. "ನಮ್ಮವ್ವ ಹೋದಾಗ ಈ ಚಂದ್ರಾಮ ಇನ್ನಾ ಅಂಬೆಗಾಲ ಇಡತಿದ್ದ. ನಾನೂ ಸಣ್ಣಾಕೀನೇ. ಸಂಜೀಕ ಇಬ್ಬರಿಗೂ ಅಂಜಿಕಿ ಬರ್ತಿತ್ತು. ಇವನ್ನ ಬೆನ್ನಿಗೆ ಕಟಗೊಂಡು ಒಲಿ ಮುಂದ ಕುಂದರತಿದ್ದೆ. ಬೆನ್ನ ಮ್ಯಾಲ ಯಾರರೆ ಇದ್ರ ಅಂಜಿಕಿ ಹೋಗ್ತದ. ಸುಮ್ಮಿಗೆ ಹೇಳು, ಹೊಟ್ಯಾಗ ಇರೂದು ಅಕಿಗೆ ಜೋಡಿ" ಎಂದಳು.

ಈಗ ಎದ್ದು ಒಳಗೆ ಹೋದಳು. ಮತ್ತೇನು ಕೇಳಬೇಕೋ ಬರೆ. ಕೇಳುತ್ತೇನೆ.

ಮಾಮಾ

*

ಇಟಾರ್ಸಿ
2-4-1979

ಮಾಮಾ,

ಹೆಣ್ಣು ಮಗು. ಕೂಸು, ನಾನು ಇಬ್ಬರೂ ಚೆನ್ನಾಗಿದ್ದೇವೆ. ಇವರು ತಂತಿ ಕೊಟ್ಟಿದ್ದು ಸಿಕ್ಕಿರಬೇಕು. ಇನ್ನು ನೀನು ನನ್ನನ್ನು ಕಾಯಬೇಕಾಗಿಲ್ಲ.

ಫೋಟೋ ಬಂದ ದಿನವೇ ನನಗೆ ಗೊತ್ತಾಯಿತು.

ಮೊದಲು ಹಣೆ ನೋಡಿದೆ. ಅವ್ವ ವಿಭೂತಿಯನ್ನು ಒಂದೇ ಬೆರಳಿನಲ್ಲಿ ಅವಸರದಿಂದ ಎಳೆದುಕೊಳ್ಳುತ್ತಿದ್ದಳು, ಒಂದು ಗೆರೆ ಯಾವಾಗಲೂ ಸೊಟ್ಟ. ಇದರಲ್ಲಿ ಮೂರೂ ಗೆರೆ ಅಗಲವಾಗಿ, ತಿದ್ದಿದ ಹಾಗೆ ಇವೆ. ಅವು ಬೇರೆಯವರ ಬೆರಳಿನವು. ಆಮೇಲೆ ಕಣ್ಣು ನೋಡಿದೆ. ಅವ್ವನ ಎಡಗಣ್ಣು ಒಲೆಯ ಹೊಗೆಯಲ್ಲಿದ್ದಂತೆ ಸದಾ ಸ್ವಲ್ಪ ಕಿರಿದು. ಇಲ್ಲಿ ಎರಡೂ ಅಗಲವಾಗಿವೆ, ಒಳಗೆ ಏನೋ ಕಿತಾಪತಿ ಇದೆ. ಅದು ಯಾರ ಕಿತಾಪತಿ ಎಂದು ನನಗೆ ಗೊತ್ತಿಲ್ಲವೇ? ಚಿಕ್ಕಂದಿನಲ್ಲಿ ಬೆಲ್ಲ ಕದ್ದು ನನ್ನ ಕೈಗೆ ಕೊಡುವಾಗ ನಿನ್ನ ಕಣ್ಣು ಹೀಗೇ ಇರುತ್ತಿತ್ತು. ಮಾಮಾ, ಅವ್ವನ ಮುಖದೊಳಗಿಂದ ನೀನು ನೋಡುತ್ತಿದ್ದೀ.

ಅಂದು ಅಳಲಿಲ್ಲ. ಅತ್ತರೆ ಕೂಸಿಗೆ ತಾಗುತ್ತದೆ ಎಂದು ನೀನು, ತಂತಿ ಬಚ್ಚಿಟ್ಟ ಇವರು, ಇಬ್ಬರೂ ಇಷ್ಟು ಕಷ್ಟಪಡುತ್ತಿದ್ದೀರಿ, ನಾನೂ ಸೇರಿಕೊಂಡೆ. ಇನ್ನೊಂದು ಆಸೆಯೂ ಇತ್ತು. ನಾನು ಕೇಳುತ್ತಾ ಇರುವಷ್ಟು ದಿನ ನಿನ್ನ ಕಾಗದದಲ್ಲಿ ಅವ್ವ ಮಾತನಾಡುತ್ತಾಳೆ ಎಂದು ಕೇಳಿದೆ. ಅವಳು ಜೋಳ ಹಸನು ಮಾಡಿದಳು, ನಕ್ಕಳು, ಎದ್ದು ಒಳಗೆ ಹೋದಳು. ಆ ಕಾಗದ ಬಂದ ಮೂರನೇ ದಿನ ನೋವು ಬಂತು. ಬೆನ್ನಿನ ಮಾತು ನೆನೆದುಕೊಂಡೇ ಹಡೆದೆ. ಅದು ಅವಳದ್ದೋ, ನಿನ್ನದೋ, ಯಾರದ್ದಾದರೇನು.

ಈಗ ಒಂದೇ ಕೇಳುತ್ತೇನೆ. ನೀನು ಕೈಯಾಡಿಸದ ಫೋಟೋ ಕಳಿಸು. ಕಣ್ಣು ಮುಚ್ಚಿರುವುದು. ಅವಳು ಹೋದಾಗ ನಾನು ನೋಡಲಿಲ್ಲ, ಅಷ್ಟನ್ನಾದರೂ ನೋಡುತ್ತೇನೆ.

ಸುಮಿತ್ರಾ

*

ಸರಸಂಬಾ
14-4-1979

ಸುಮ್ಮಿ,

ಕಳಿಸಿದ್ದೇನೆ.

ಡಿಸೆಂಬರಿನ ಕೆಮ್ಮು ಎದೆಗಿಳಿದಿತ್ತು. "ಸುಮ್ಮಿಗೆ ತಿಳಸಬ್ಯಾಡ, ಹಡೀಲಿ" ಎಂದಿದ್ದಳು. ಸಂಕ್ರಮಣದ ಹಿಂದಿನ ದಿನ ನಿನಗೆ ಕಳಿಸಲು ಎಳ್ಳು ಹುರಿಯುತ್ತಿದ್ದವಳು "ಜರಾ ಒರಗತೇನಿ" ಎಂದಳು. ಎಳ್ಳು ಹೊತ್ತಿದ ವಾಸನೆ ಬಂದ ಮೇಲೆ ನಾನು ಒಳಗೆ ಹೋದೆ.

ಊರವರು ಕೂಡಿಸಿದರು, ಮಾಲೆ ಹಾಕಿದರು. ಎಲ್ಲ ಮುಗಿದ ಮೇಲೆ ಅಭ್ಯಾಸದಂತೆ "ಚಂದ್ರಾಮಪ್ಪಗ ಹೇಳಿ ಕಳಸ್ರಿ" ಎಂದು ಯಾರೋ ಅಂದರು. ನಾನು ಅಲ್ಲೇ ನಿಂತಿದ್ದೆ.

ಜಹೀರುದ್ದೀನ "ಭಾಯಿ, ಇದಕ್ಕ ಕಣ್ಣ ಬರೀಬ್ಯಾಡ್ರಿ" ಎಂದ. ನಿನಗಾಗಿ ಬರೆಯಲು ಕೂತೆ. ಪೆನ್ಸಿಲ್ ಹಿಡಿದರೆ ಅಕ್ಕನ ಕಣ್ಣು ನೆನಪಿಗೆ ಬರಲಿಲ್ಲ. ಇಷ್ಟು ವರ್ಷ ನಾನು ಕ್ಯಾಮೆರಾ ಹಿಡಿದಾಗೆಲ್ಲ ಅವಳು ಮುಖ ತಿರುಗಿಸಿದ್ದಳು, ಹಿಡಿಯದಿದ್ದಾಗ ನಾನು ನೋಡಿರಲಿಲ್ಲ. ಅಕ್ಕ ತಮ್ಮನ ಕಣ್ಣು ಒಂದೇ ಎಂದು ಊರವರು ಹೇಳುತ್ತಿದ್ದರಲ್ಲ, ಜಹೀರುದ್ದೀನನ ಕನ್ನಡಿಯಲ್ಲಿ ನೋಡಿಕೊಂಡು ಬರೆದೆ. ಎಡಗಣ್ಣು ಕಿರಿದು ಎಂಬುದು ನಿನ್ನ ಕಾಗದದಿಂದ ತಿಳಿಯಿತು.

ಮೊನ್ನೆ ಹತ್ತಿಗೆ ಟರ್ಪೆಂಟೈನ್ ಹಚ್ಚಿ ನೆಗೆಟಿವ್ ಒರೆಸಿದೆ. ಪೆನ್ಸಿಲ್ ಹೋಯಿತು, ಅವಳು ಕಣ್ಣು ಮುಚ್ಚಿದಳು. ಒಂದೇ ಪ್ರಿಂಟ್ ಹಾಕಿದ್ದೇನೆ. ನನಗೆ ಬೇಡ.

ಕ್ಯಾಲೆಂಡರ್ ಬಂದಿದೆ. ಕೆಳಗೆ ನನ್ನ ಹೆಸರೂ ಇದೆ. ದೇವೀಂದ್ರಪ್ಪನವರು ಅಂದಕ್ಕೆಂದು ಅಂಚು ಕತ್ತರಿಸಿದ್ದಾರೆ. ತೋಟದ ಮೂಲೆಯ ನೆರಳು ಹೋಗಿದೆ, ಸಂಗಮದ ಸೆರಗು ಹೋಗಿದೆ, ಹೋರಿಗೆ ಬರೀ ಮುಖ ಉಳಿದಿದೆ. ನಿನ್ನ ಹತ್ತಿರ ಇರುವ ಪ್ರತಿಗಳಲ್ಲಿ ಮಾತ್ರ ಅಕ್ಕ ಇದ್ದಾಳೆ. ಜೋಪಾನ.

ಬರುವ ತಿಂಗಳು ಕ್ಯಾಮೆರಾ ತೆಗೆದುಕೊಂಡು ಬರುತ್ತೇನೆ. ಅಕ್ಕ ಮಾತು ಕೊಟ್ಟಿದ್ದಳು, ಕೂಸು ತೊಡೆಯ ಮೇಲೆ ಬಂದ ದಿನ ಫೋಟೋಕ್ಕೆ ಕೂಡುತ್ತೇನೆ ಎಂದು. ಅವಳ ಸೀರೆಗಳೆಲ್ಲ ಆ ಕೌದಿಯಲ್ಲಿವೆ. ಅದನ್ನು ಅಂಗಳದ ಬಿಸಿಲಿಗೆ ಹಾಸಿ ಕೂಸನ್ನು ಅದರ ಮೇಲೆ ಮಲಗಿಸು. ಹೊಲಿಯದ ಅಂಚು ಇನ್ನೂ ಹಾಗೇ ಇದ್ದರೆ ಹಾಗೇ ಇರಲಿ. ನಾನು ಬೆಳಕಿಗೆ ಬೆನ್ನು ಮಾಡಿ ನಿಲ್ಲಬೇಕಾಗುತ್ತದೆ, ಮೂಲೆಯಲ್ಲಿ ನನ್ನ ನೆರಳು ಬೀಳುತ್ತದೆ. ಅದನ್ನು ಕತ್ತರಿಸುವುದಿಲ್ಲ.

ಮಾಮಾ